ಮೇಜಿನ ಮೇಲಿಟ್ಟ ಡೇರೆ ಹೂ

ಊರಿಗೆ ಆಗಷ್ಟೇ ಮೊಬೈಲು ಬರುತ್ತಿದ್ದ ಕಾಲ. ಶೃಂಗೇರಿಯಿಂದ ಬಸ್ಸಿನಲ್ಲಿ ಹೋಗಿ, ಒಂದು ಹಳ್ಳಿಯ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಪಾಠ ಮಾಡುತ್ತಿದ್ದೆ. ಮೂರು ವಾರ ಮಕ್ಕಳ ಜೊತೆ ಕುಂಟೆಬಿಲ್ಲೆ ಆಡುವವಳು ನಾಲ್ಕನೇ ವಾರ ಚಾಕ್‌ಪೀಸ್ ಮುರಿದರೂ ಹಾರಾಡುತ್ತಿದ್ದೆ. ಬಸ್ಸು ತಡವಾಯಿತು, ಹೆಡ್‌ಮಾಸ್ಟರು ಏನೋ ಅಂದರು ಎಂದು ಕಾರಣಗಳಿಗೇನೂ ಬರವಿರಲಿಲ್ಲ.

ಹೆಣ್ಣುಮಕ್ಕಳು ದಿನವೂ ಮನೆಯಿಂದ ಡೇರೆ ಹೂ ತರುತ್ತಿದ್ದರು. ಅವರೆದುರೇ ಮುಡಿಯುತ್ತಿದ್ದೆ. ತಿಂಗಳಲ್ಲಿ ಮೂರು ದಿನ ಮಾತ್ರ ಮೇಜಿನ ಮೇಲೆ ಇಡುತ್ತಿದ್ದೆ. ಮುಟ್ಟಾದಾಗ ಹೂ ಮುಡಿಯಬಾರದೆಂಬುದು ನಮ್ಮತ್ತೆಯ ಕಟ್ಟಳೆ. ಶಾಲೆಯಲ್ಲಿ ಮನೆಯವರು ಯಾರೂ ಇಲ್ಲದಿದ್ದರೂ ಮುಡಿಯಲು ಕೈ ಬರುತ್ತಿರಲಿಲ್ಲ.

ಹಾಗೆ ಹೂ ಮೇಜಿನ ಮೇಲಿಟ್ಟ ಒಂದು ಬೆಳಿಗ್ಗೆ, ಬಾಯೇ ಬಿಡದ ಒಬ್ಬ ಹುಡುಗಿ ಎದ್ದು ಬಂದು ನೋಟ್‌ಬುಕ್ ಚಾಚಿದಳು. ಐದು ದಿನದ ಭಾಗಾಕಾರ ಖಾಲಿ.

"ಅರ್ಥ ಆಗ್ಲಿಲ್ಲ ಅಂತ ನಿನ್ನೆನೇ ಹೇಳೋಕೆ ಎಂತ ಆಗಿತ್ತು?"

"ನಿಮ್ಗೆ ಸಿಟ್ಟು ಶುರುವಾದ್ರೆ, ಹೂ ಮೇಜಿನ ಮೇಲೆ ಇಡೋ ತನಕ ಕಾಯ್ಬೇಕು ಟೀಚ್ರೇ. ಎಲ್ರಿಗೂ ಗೊತ್ತು."

ಇಡೀ ಕ್ಲಾಸು ತಲೆಯಾಡಿಸಿತು. ಮುಟ್ಟೆಂದರೇನೆಂದು ತಿಳಿಯದ ಮಕ್ಕಳು ನನ್ನ ತಿಂಗಳ ಲೆಕ್ಕವನ್ನು ನನಗಿಂತ ಮೊದಲೇ ಹಾಕಿ ಮುಗಿಸಿದ್ದರು. ಹೊಟ್ಟೆ ಹಿಡಿದು ನಕ್ಕೆ. ಆಮೇಲೆ ಆ ಖಾಲಿ ಹಾಳೆ ನೋಡಿ ನಾಚಿಕೆಯಾಯಿತು. ಈ ಹುಡುಗಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಅವಳು ನನಗಾಗಿ ಕಾಯುತ್ತಾ ಹಿಂದೆ ಬಿದ್ದಿದ್ದಳು.

ಮನೆಗೆ ಬಂದು ಕ್ಯಾಲೆಂಡರಿನಲ್ಲಿ ಗುರುತು ಹಾಕತೊಡಗಿದೆ. ಮುಂದಿನ ತಿಂಗಳು ಆ ವಾರ ಹತ್ತಿರ ಬಂದಾಗ ಕ್ಲಾಸಿಗೆ ಮೊದಲೇ ಹೇಳಿದೆ, "ಈ ವಾರ ನಂಗೆ ಸಿಟ್ಟು ಜಾಸ್ತಿ. ತಪ್ಪು ನಿಮ್ದಲ್ಲ. ಸಿಟ್ಟು ಬಂದ್ರೆ ಹೊರಗೆ ಹೋಗಿ ನೀರು ಕುಡ್ದು ಬರ್ತೀನಿ. ನೀವು ಲೆಕ್ಕ ಮಾತ್ರ ಕೇಳ್ಲೇಬೇಕು."

ಹೇಳುವುದೇನೋ ಸುಲಭ. ಎರಡೇ ದಿನಕ್ಕೆ, ಯಾರೋ ಬೆಂಚು ಎಳೆದ ಸದ್ದಿಗೆ ನನ್ನ ದನಿ ತಾರಕಕ್ಕೇರಿತು. ಮಕ್ಕಳೆಲ್ಲ ಪುಸ್ತಕಕ್ಕೆ ತಲೆ ಬಗ್ಗಿಸಿದರು. ಅದೇ ಹುಡುಗಿ ನೋಟ್‌ಬುಕ್ ಎದೆಗೆ ಅವುಚಿಕೊಂಡು ಮೇಜಿನ ಹತ್ತಿರ ಬಂದಳು.

"ಟೀಚ್ರೇ, ಒಂದು ಲೆಕ್ಕ ಬರ್ತಿಲ್ಲ. ನೀವು ನೀರು ಕುಡ್ಕಂಡು ಬನ್ನಿ, ನಾನು ಇಲ್ಲೇ ನಿಂತಿರ್ತೀನಿ."

ಡೇರೆ ಹೂ ಇನ್ನೂ ನನ್ನ ಮುಡಿಯಲ್ಲೇ ಇತ್ತು.