ಅವ್ವ ಕೆಮ್ಮಲಿಲ್ಲ

ಎಪ್ಪತ್ತರ ದಶಕದಲ್ಲಿ ದೇವದುರ್ಗದ ಟೆಂಟಿನಲ್ಲಿ ಸಿನಿಮಾ ನೋಡುವಾಗ ಅವ್ವನ ಪಕ್ಕ ಕೂರುವುದೆಂದರೆ ನನಗೆ ಮುಜುಗರ. ಪರದೆಯ ಮೇಲೆ ಮುದುಕಿ ಕಂಡ ಕೂಡಲೇ ಅವಳು ಗಟ್ಟಿಯಾಗಿ ಹೇಳುತ್ತಿದ್ದಳು, "ಈಗ ಕೆಮ್ಮತಾಳ ನೋಡು." ಮುದುಕಿ ಕೆಮ್ಮುತ್ತಿದ್ದಳು. "ಈಗ ಮಗನ ಕೈ ಹಿಡಕೊಂಡು ಸಾಯ್ತಾಳ." ಸಾಯುತ್ತಿದ್ದಳು. ಕೆಮ್ಮದ ಮುದುಕಿ ಬಂದರೆ ಅವಳು ಸೊಸೆಯನ್ನು ಕಾಡುವವಳೇ ಆಗಿರುತ್ತಿದ್ದಳು. ಮುಂದೆ ಕೂತವರು ತಿರುಗಿ ನೋಡುತ್ತಿದ್ದರು, ನಾನು ತಲೆ ತಗ್ಗಿಸುತ್ತಿದ್ದೆ.

ನಮ್ಮೂರು ಅರಕೇರಾ. ಅಪ್ಪ ತೀರಿಕೊಂಡಾಗ ಕುರಿ ಮಾರಿಬಿಡು ಎಂದು ಎಲ್ಲರೂ ಹೇಳಿದರು. ಅವ್ವ ಮಾರಲಿಲ್ಲ, ತಾನೇ ಹಿಂಡು ಹೊಡೆದುಕೊಂಡು ಅಡವಿಗೆ ಹೋದಳು. ಯಾರ ಹಟ್ಟಿಯಲ್ಲಿ ಕುರಿಯ ಹೊಟ್ಟೆಯೊಳಗೆ ಮರಿ ಅಡ್ಡವಾದರೂ ಕರೆ ಬರುತ್ತಿದ್ದುದು ಅವಳಿಗೇ. ಆ ಕುರಿಗಳಿಂದಲೇ ನಾನು ಓದಿ ಮಾನ್ವಿಯಲ್ಲಿ ಶಾಲೆ ಟೀಚರಾದೆ.

ಎಂಬತ್ತರ ದಶಕದ ಆರಂಭದಲ್ಲಿ, ದಸರಾ ರಜೆಗೆ ಊರಿಗೆ ಹೋದಾಗ ಅಲ್ಲೊಂದು ಸಿನಿಮಾ ತಂಡ ಬಿಡಾರ ಹೂಡಿತ್ತು. ಕುರಿ ಕಾಯುವ ಯುವಕನ ಕತೆಯಂತೆ. ಅವನ ತಾಯಿಯ ಪಾತ್ರಕ್ಕೆ ನಿರ್ದೇಶಕ ಅವ್ವನನ್ನೇ ಆರಿಸಿದ. ನಾನು ಹಿಗ್ಗಿಹೋದೆ. ಹೊರಸಿನ ಮೇಲೊಂದು ಕೌದಿ ಹಾಸಿ ಅವಳನ್ನು ಕೂರಿಸಿದರು.

"ಅಮ್ಮಾ, ಮಲಗಿ. ಮಗ ಬಂದಾಗ ಕೆಮ್ಮಿ, ಆಮೇಲೆ ಅಳಿ."

"ನಾ ಯಾಕ ಕೆಮ್ಮಲಿ? ನನಗ ಕೆಮ್ಮಿಲ್ಲ."

"ಪಾತ್ರಕ್ಕೆ ಕೆಮ್ಮಿದೆಯಮ್ಮಾ."

"ಹಂಗಾರ ಪಾತ್ರಕ್ಕ ಕಷಾಯ ಕುಡಸ್ರಿ. ಹಗಲೊತ್ತಿನ್ಯಾಗ ನಾ ಮಲಗಿದ್ರ ಕುರಿ ಯಾರು ಕಾಯಬೇಕು?"

ಸುತ್ತ ನಿಂತವರು ನಕ್ಕರು. ನಿರ್ದೇಶಕನ ಮುಖ ಕೆಂಪಾಯಿತು. ನನಗೆ ಅವಮಾನವಾಯಿತು. ಹತ್ತಿರ ಹೋಗಿ ಪಿಸುಗುಟ್ಟಿದೆ, "ಯವ್ವಾ, ಒಂದೀಟು ಕೆಮ್ಮಿಬಿಡು. ನಿಂದೇನು ಹೋಗ್ತದ?"

ಅವ್ವ ನನ್ನನ್ನೇ ದಿಟ್ಟಿಸಿದಳು. "ನೀನೂ ಹಂಗ ಅಂತೀ ಏನು?" ಎಂದು ಎದ್ದು ಕುರಿಗಳ ಕಡೆ ನಡೆದಳು.

ಮರುದಿನ ಮೂವತ್ತರ ಆಸುಪಾಸಿನ ನಟಿಯೊಬ್ಬಳ ತಲೆಗೆ ಬಿಳಿ ಪೌಡರ್ ಬಳಿದು ಅದೇ ಹೊರಸಿನ ಮೇಲೆ ಮಲಗಿಸಿದರು. ಅವಳು ಬಹಳ ಚೆನ್ನಾಗಿ ಕೆಮ್ಮಿದಳು.

ಮೂರನೆಯ ದಿನ, ಚಿತ್ರೀಕರಣದ ನಡುವೆಯೇ ಕುರಿಯೊಂದು ಈಯಲಾರದೆ ನೆಲಕ್ಕೆ ಬಿತ್ತು. ಅವ್ವ ಮೊಣಕಾಲೂರಿ ಕುಳಿತು, ಹಚ್ಚೆ ತುಂಬಿದ ಕೈ ಹಾಕಿ ಮರಿಯನ್ನು ತಿರುಗಿಸಿ ಹೊರಗೆಳೆದಳು. ಉಸಿರಿಲ್ಲದೆ ಜೋತುಬಿದ್ದಿದ್ದ ಮರಿಯ ಮೂಗಿಗೆ ಊದಿ ಊದಿ ಜೀವ ತಂದಳು. ಅಷ್ಟು ಹೊತ್ತೂ ಕ್ಯಾಮೆರಾ ಓಡುತ್ತಲೇ ಇತ್ತು. "ಅದ್ಭುತ ಅಮ್ಮಾ! ಇದು ಸಿನಿಮಾದಲ್ಲಿ ಇದ್ದೇ ಇರುತ್ತೆ," ಎಂದು ನಿರ್ದೇಶಕ ಕೈ ಮುಗಿದ.

ಮುಂದಿನ ವರ್ಷ ಸಿನಿಮಾ ರಾಯಚೂರಿಗೆ ಬಂತು. ಅವ್ವ ಇಲಕಲ್ ಸೀರೆ ಉಟ್ಟು ನನ್ನ ಜೊತೆ ಟಾಕೀಸಿಗೆ ಬಂದಳು. ಮರಿ ಹುಟ್ಟುವ ದೃಶ್ಯ ಬಂದಾಗ ಪರದೆ ತುಂಬ ಎರಡು ಕೈಗಳು. ಮಣಿಕಟ್ಟಿನಿಂದ ಮೊಣಕೈವರೆಗಿನ ಹಚ್ಚೆ ಸ್ಪಷ್ಟವಾಗಿತ್ತು. "ಯವ್ವಾ, ನೀನ!" ಎಂದೆ. ಅಷ್ಟರಲ್ಲಿ ನಾಯಕನ ಮುಖ ಬಂತು, ಹಣೆಯಲ್ಲಿ ಬೆವರು. ಮತ್ತೆ ಅವ್ವನ ಕೈ, ಮತ್ತೆ ನಾಯಕನ ಮುಖ. ಕೊನೆಗೆ ಮರಿ ನಾಯಕನ ತೊಡೆಯ ಮೇಲಿತ್ತು. ಜನ ಸಿಳ್ಳೆ ಹೊಡೆದರು. ಹೊರಸಿನಿಂದ ಪೌಡರಿನ ಮುದುಕಿ ಮಗನನ್ನು ಹರಸಿದಳು.

ಅವ್ವನ ಮುಖ ಮಾತ್ರ ಒಮ್ಮೆಯೂ ಬರಲಿಲ್ಲ. ಮಾನ್ವಿಯ ಬಸ್ಸಿನಲ್ಲಿ ಅವಳು ಕೇಳಿದಳು, "ನನ್ನ ಮಾರಿ ಯಾಕ ತಗದ್ರು?"

ನಾನು ಕಿಟಕಿಯ ಕಡೆ ತಿರುಗಿದೆ. ಅವಳೇ ಮತ್ತೆ ಕೇಳಿದಳು,

"ಮಾರಿ ಮುದುಕೀದಂತ ತಗದಾರ. ಕೈ ಯಾರದಂತ?"

ನಿರ್ದೇಶಕನಿಗೆ ಮೂರು ಕಾಗದ ಬರೆದೆ. ಒಂದಕ್ಕೂ ಮರುಮಾತಿಲ್ಲ.

ಕೆಲವು ವರ್ಷಗಳಲ್ಲಿ ಮಾನ್ವಿಯ ನಮ್ಮ ಓಣಿಗೂ ಟಿವಿ ಬಂತು. ಧಾರಾವಾಹಿಗಳ ಮುದುಕಿಯರು ಈಗ ಗುಡಿಸಲಿನವರಲ್ಲ. ರೇಷ್ಮೆ ಉಟ್ಟು, ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡು ಸೋಫಾದ ಮೇಲೆ ಕೂತಿರುತ್ತಿದ್ದರು. ಆದರೂ ಒಬ್ಬಳ ಕೈಗೂ ಒಂದು ಕೆಲಸವಿರಲಿಲ್ಲ. ಒಂದು ಭಾನುವಾರ ಸಂಜೆ ಪಕ್ಕದ ಮನೆಯ ಟಿವಿಯಲ್ಲಿ ನಮ್ಮೂರಿನ ಆ ಸಿನಿಮಾ ಹಾಕಿದರು. ಮರಿಯ ದೃಶ್ಯ ಬಂದಾಗ ತಡೆಯಲಾಗಲಿಲ್ಲ. ಎದ್ದು ಹೋಗಿ ಗಾಜಿನ ಮೇಲೆ ಬೆರಳಿಟ್ಟೆ.

"ಇವು ನಮ್ಮವ್ವನ ಕೈ. ಹಚ್ಚೆ ನೋಡ್ರಿ!"

ಹಿಂದಿನಿಂದ ಮನೆಯೊಡತಿ ಕೂಗಿದಳು, "ಟೀಚರ್, ಸ್ವಲ್ಪ ಸರೀರಿ, ಹೀರೋ ಕಾಣವಲ್ಲ."