ಎಣ್ಣೆ ಕೈಯ ಮುಷ್ಟಿ

ಟಿಕೋಟಾ ರಸ್ತೆಯ ಒಣದ್ರಾಕ್ಷಿ ಕಾರ್ಖಾನೆಯಲ್ಲಿ ಮಾಲು ಪಾಸು ಮಾಡುವುದು ನನ್ನ ಕೆಲಸ. ರೈತರು ತಂದ ಚೀಲದಿಂದ ಒಂದು ಹಿಡಿ ದ್ರಾಕ್ಷಿ ತೆಗೆದು, ಬಿಗಿಯಾಗಿ ಮುಷ್ಟಿ ಕಟ್ಟಿ ಬಿಡಬೇಕು. ಬಿಡಿಬಿಡಿಯಾಗಿ ಉದುರಿದರೆ ಮಾಲು ಒಣಗಿದೆ. ಉಂಡೆಯಾಗಿ ನಿಂತರೆ ಹಸಿ; ಪೆಟ್ಟಿಗೆಯೊಳಗೆ ಬೂಷ್ಟು ಹಿಡಿಯುತ್ತದೆ. ಒಮ್ಮೆ ಕಾರ್ಖಾನೆಯ ಮಾಲಕರಾದ ಸಾಹುಕಾರರ ಬೀಗರೇ ಬಬಲೇಶ್ವರದಿಂದ ತಂದ ಮಾಲನ್ನು ವಾಪಸು ಕಳಿಸಿದ್ದೆ. ಅವರು ಹಾರಾಡಿದಾಗ ಸಾಹುಕಾರರು, "ಆಕಿ ಬ್ಯಾಡಂದ್ಲಂದ್ರ ಬ್ಯಾಡ. ನನ್ನ ಕೇಳಬ್ಯಾಡ್ರಿ" ಎಂದಿದ್ದರು. ತೊರವಿಯಿಂದ ಹನ್ನೆರಡು ವರ್ಷ ನಾನು ಬಸ್ಸು ಹತ್ತಿ ಬಂದದ್ದು ಆ ಒಂದು ಮಾತಿನ ಜಂಬದಿಂದಲೇ.

ಎರಡು ವರ್ಷದ ಹಿಂದೆ ಕಾರ್ಖಾನೆ ಕಂಪನಿಯಾಯಿತು. ಹಳೆಯ ಎಂಟು ಮಂದಿ ಕೆಲಸಗಾರರಿಗೆ ಸಾಹುಕಾರರು ಷೇರು ಕೊಟ್ಟರು. "ಇನ್ನ ನೀವು ಆಳಲ್ಲ. ಪಾಲುದಾರರು" ಎಂದು ಪೇಡೆ ಹಂಚಿದರು. ನಾನು ಆ ಕಾಗದವನ್ನು ಕಣ್ಣಿಗೊತ್ತಿಕೊಂಡೆ. ಸಂಜೆ ಮನೆಗೆ ಹೋಗುವಾಗ ಉಡಿಯಲ್ಲಿ ಹಿಡಿ ದ್ರಾಕ್ಷಿ ಕಟ್ಟಿಕೊಳ್ಳುತ್ತಿದ್ದ ನಾವೇ ಮರುದಿನದಿಂದ ನೆಲಕ್ಕೆ ಬಿದ್ದ ಕಾಳನ್ನೂ ಹೆಕ್ಕತೊಡಗಿದೆವು.

ಹೋದ ವರ್ಷ ಹೊರದೇಶದ ಮೊದಲ ಆರ್ಡರು ಬಂತು. ಲಾರಿ ಬಾಗಿಲಿಗೆ ನಿಂತಿತ್ತು. ಇಪ್ಪತ್ತು ಚೀಲ ಕಡಿಮೆ ಬಿತ್ತು. ಅಷ್ಟರಲ್ಲಿ ಕನಮಡಿ ಕಡೆಯ ಒಬ್ಬ ರೈತ ಮಾಲು ತಂದ. ಆ ದಿನ ಹೆಂಗಸರು ಕಡಿಮೆಯಿದ್ದುದರಿಂದ ನಾನೂ ಆರಿಸುವ ಮೇಜಿಗೆ ಕೂತಿದ್ದೆ. ಅಲ್ಲಿ ಅಂಟಬಾರದೆಂದು ಅಂಗೈಗೆ ಶೇಂಗಾ ಎಣ್ಣೆ ಸವರಿಕೊಳ್ಳುತ್ತೇವೆ. ಮುಷ್ಟಿ ಹಿಡಿಯುವ ಮೊದಲು ಸಾಬೂನು ಹಚ್ಚಿ ಕೈ ತೊಳೆಯಲೇಬೇಕು; ಎಣ್ಣೆ ಕೈಯಲ್ಲಿ ಹಸಿ ಮಾಲೂ ಉದುರುತ್ತದೆ. ನಿನ್ನೆ ಸೇರಿದವಳಿಗೂ ಇದು ಗೊತ್ತು.

"ಲಗೂ ನೋಡು ತಂಗಿ! ಈ ಆರ್ಡರ್ ಕೈ ತಪ್ಪಿದ್ರ ನಿಂದೂ ಹೋತು, ನಂದೂ ಹೋತು" ಎಂದು ಸಾಹುಕಾರರು ಕೂಗಿದರು.

ಇದ್ದ ಕೈಯಲ್ಲೇ ಎದ್ದು ಹೋದೆ. ಮುಷ್ಟಿ ಬಿಟ್ಟೆ. ಕಾಳು ಉದುರಿತು. "ಪಾಸ್ ರೀ" ಎಂದೆ.

ಚೀಲಗಳು ಲಾರಿ ಏರಿದವು. ಮೇಜಿಗೆ ಮರಳಿದಾಗ ಪಕ್ಕದ ಹಿರಿಯಕ್ಕ, ಆಕೆಯೂ ಆ ಎಂಟು ಪಾಲುದಾರರಲ್ಲಿ ಒಬ್ಬಳು, ಮೆಲ್ಲಗೆ ಕೇಳಿದಳು: "ಕೈ ತೊಳದಿದ್ದೇನ ಬೇ?"

ಓಡಿ ಹೋಗಿ ಕೈ ತೊಳೆದೆ, ಒರೆಸಿದೆ, ಲಾರಿಯ ಹಿಂಬದಿಯಲ್ಲಿದ್ದ ಆ ರೈತನ ಚೀಲಕ್ಕೆ ಕೈ ಹಾಕಿದೆ. ಮುಷ್ಟಿ ಬಿಟ್ಟರೆ ಎಳ್ಳುಂಡೆಯ ಹಾಗೆ ಅಂಗೈಯಲ್ಲೇ ಕೂತಿತ್ತು.

ಅಕ್ಕ ಬಂದು ನನ್ನ ರಟ್ಟೆ ಹಿಡಿದಳು. "ಸುಮ್ಮನಿರು ಯವ್ವಾ. ಅದರಾಗ ನಮ್ಮ ಪಾಲೂ ಐತಿ."

ಡ್ರೈವರ್ ಗಾಡಿ ಚಾಲೂ ಮಾಡಿದ. ಉಂಡೆ ಹಿಡಿದುಕೊಂಡೇ ಲಾರಿಯ ಮುಂದೆ ನಿಂತುಬಿಟ್ಟೆ.

"ಸರಿಯ ಬೇ! ಹುಚ್ಚು ಹಿಡದೈತೇನ? ಮಾಲಕ ನಾ ಹೇಳಾಕತ್ತೀನಿ" ಎಂದು ಸಾಹುಕಾರರು ಗದರಿದರು.

ನನಗೂ ಸಿಟ್ಟು ನೆತ್ತಿಗೇರಿತು. "ನಾನೂ ಮಾಲಕಿ ಅದೀನ್ರಿ! ನೀವ ಕೊಟ್ಟ ಕಾಗದದಾಗ ಬರದೈತಿ. ಇಳಸ್ರಿ ಮಾಲು!"

ಸಾಹುಕಾರರು ನನ್ನ ಅಂಗೈಯಿಂದ ಉಂಡೆ ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು: "ಹಂಗಾರ ಆಗ ಹ್ಯಾಂಗ ಉದುರಿತು?"

"ಎಣ್ಣಿ ಕೈಲೆ ಹಿಡದಿದ್ನಿರಿ. ಕೈ ತೊಳಿಯೂದ ಮರತೆ."

"ಮರತ್ಯಾ?"

ಅಷ್ಟೇ ಕೇಳಿದರು. ಕೂಲಿಯವಳಾಗಿದ್ದರೆ ನಾಲ್ಕು ಬೈದು ಅಲ್ಲಿಗೆ ಮುಗಿಸುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಇಂದಿಗೂ ಅನಿಸುತ್ತದೆ. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಮರೆಯದವಳು, ಲಾಭದಲ್ಲಿ ನನ್ನ ಪಾಲೂ ಇದ್ದ ಆ ದಿನವೇ ಯಾಕೆ ಮರೆತೆ? ದೇವರಾಣೆ, ನನಗೇ ಗೊತ್ತಿಲ್ಲ.

ಹಸಿ ಮಾಲು ಇಳಿಯಿತು. ವಿಜಯಪುರದ ಇನ್ನೊಂದು ಗೋದಾಮಿನಿಂದ ಒಣ ಮಾಲು ತರಿಸಿ ಮರುದಿನ ಲಾರಿ ಕಳಿಸಿದರು. ಆರ್ಡರು ಉಳಿಯಿತು, ನನ್ನ ಕೆಲಸವೂ ಉಳಿಯಿತು.

ಈಗ ಹೊಸ ಮಾಲು ಬಂದಾಗಲೆಲ್ಲ ಸಾಹುಕಾರರೇ ತಂಬಿಗೆ ಹಿಡಿದು ಬಂದು, ಎಲ್ಲರ ಎದುರು ನನ್ನ ಕೈಗೆ ನೀರು ಹಾಕುತ್ತಾರೆ. ರೈತರು ಬೆರಗಾಗಿ, "ಎಂಥಾ ಸಾವ್ಕಾರ ನೋಡ್ರಿ, ಕೆಲಸದಾಕಿ ಕೈಗೆ ನೀರು ಹಾಕ್ತಾನ!" ಎನ್ನುತ್ತಾರೆ. ನಾನು ತಲೆ ತಗ್ಗಿಸಿ ಎರಡೂ ಕೈ ಚಾಚುತ್ತೇನೆ. ನಾನು ಆಳಾಗಿದ್ದಷ್ಟು ದಿನ ಅವರು ನನ್ನ ಕೈಯನ್ನು ಒಮ್ಮೆಯೂ ನೋಡಿರಲಿಲ್ಲ.