ತೂತಿನ ಚಮಚದ ಮರ್ಯಾದೆ

ಕುಡಿಯುವುದಕ್ಕೂ ಒಂದು ರೀತಿ-ರಿವಾಜು ಬೇಕು ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥ ನಾಲ್ವರ ಮೇಜಿನಲ್ಲಿ ಒಂದು ಬೇಸಿಗೆಯ ಭಾನುವಾರಗಳನ್ನು ಕಳೆದವನು ನಾನು. ನಾಲ್ವರಲ್ಲಿ ಒಬ್ಬ ನಾನೇ ಆಗಿದ್ದರಿಂದ ಬೈಯುವ ಅಧಿಕಾರವೂ ನನಗಿದೆ ಎಂದುಕೊಂಡಿದ್ದೇನೆ.

ಅಥಣಿಯಿಂದ ಕಾಗವಾಡದ ಕಡೆ ಹೋಗುವ ರಸ್ತೆಯಲ್ಲಿ ಆ ಬಾರ್ ಇದೆ. ಕೆಳಗೆ ಸಿಮೆಂಟಿನ ಕಟ್ಟೆ, ನಿಂತು ಕುಡಿಯುವವರಿಗೆ. ಮೇಲೆ ಎ.ಸಿ. ಹಾಲ್, ಕೂತು ಮೆರೆಯುವವರಿಗೆ. ಕೆಳಗಿನವರು ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವರು, ಹಮಾಲರು. ಒಂದು ನೈಂಟಿ, ಒಂದು ನೀರಿನ ಪಾಕೀಟು, ಹಿಡಿ ಶೇಂಗಾ. ಐದು ನಿಮಿಷದಲ್ಲಿ ಮುಗಿಸಿ ಬಾಯಿ ಒರೆಸಿಕೊಂಡು ಹೋಗುತ್ತಾರೆ. ತಾವು ಕುಡಿದದ್ದರ ಬಗ್ಗೆ ಅವರಲ್ಲಿ ಒಬ್ಬನಾದರೂ ಭಾಷಣ ಮಾಡಿದ್ದನ್ನು ನಾನು ಕೇಳಿಲ್ಲ. ಭಾಷಣವೆಲ್ಲ ಮೇಲಿನ ಹಾಲ್‌ನಲ್ಲಿ.

ನಮ್ಮ ಮೇಜಿಗೆ ಯಜಮಾನನಾಗಿದ್ದವನು ಒಬ್ಬ ಸಾವಕಾರ. ಕೃಷ್ಣೆಯ ದಂಡೆಯಲ್ಲಿ ನದಿ ನೀರೆತ್ತಲು ಅವನ ಸ್ವಂತ ಜಾಕ್‌ವೆಲ್ ಇತ್ತು. ಅಲ್ಲಿಂದ ನಮ್ಮ ಹೊಲಗಳ ಪಕ್ಕದಲ್ಲೇ ಹಾದು ಅವನ ದ್ರಾಕ್ಷಿ ತೋಟಕ್ಕೆ ಪೈಪ್‌ಲೈನ್ ಹೋಗುತ್ತಿತ್ತು. ದಾರಿಯಲ್ಲಿ ಬೇಕಾದವರಿಗೆ ವಾಲ್ವ್ ಕೂಡಿಸಿ ವಾರಕ್ಕೊಂದು ಪಾಳಿ ನೀರು ಬಿಡುತ್ತಿದ್ದ. ಆ ವರ್ಷ ಅವನ ಮೋಟಾರು ಇನ್ನು ಒಂದೇ ಒಂದು ವಾಲ್ವಿನ ಭಾರ ತಡೆಯುತ್ತದೆ ಎಂಬ ಸುದ್ದಿ ಹಬ್ಬಿತ್ತು. ವಾಲ್ವ್ ಪಡೆದವನು ಪಕ್ಕದವನಿಗೆ ಒಂದು ಬಕೀಟು ನೀರನ್ನೂ ಕೊಡಕೂಡದು, ಕೊಟ್ಟರೆ ಕಡಿತ. ಆ ಒಂದು ವಾಲ್ವ್ ನನಗೆ ಬೇಕಾಗಿತ್ತು. ನಾನು ಮೆಟ್ಟಿಲು ಹತ್ತಿದ್ದು ಅದಕ್ಕೇ ಹೊರತು ರುಚಿಗಲ್ಲ.

ಸಾವಕಾರ ದ್ರಾಕ್ಷಿ ಬೆಳೆಗಾರರ ಗುಂಪಿನೊಂದಿಗೆ ಯುರೋಪ್ ಟೂರಿಗೆ ಹೋದವನು ಬರುವಾಗ ಆಬ್ಸಿಂತ್ ಎಂಬ ಹಸಿರು ಮದ್ಯದ ಬಾಟಲಿಗಳನ್ನು ತಂದಿದ್ದ. ಹೋಗುವ ತನಕ ವಿಸ್ಕಿಗೆ ಬೆರಳಿನಿಂದಲೇ ಐಸ್ ಕದಡುತ್ತಿದ್ದ ಮನುಷ್ಯ ಬಂದ ಮೇಲೆ ಬೇರೆಯೇ ಆಗಿದ್ದ. ಗ್ಲಾಸಿನ ತಳದಲ್ಲಿ ಎರಡು ಬೆರಳಿನಷ್ಟು ಮದ್ಯ. ಗ್ಲಾಸಿನ ಬಾಯಿಗೆ ಅಡ್ಡಲಾಗಿ ತೂತುಗಳಿರುವ ಚಪ್ಪಟೆ ಚಮಚ. ಅದರ ಮೇಲೊಂದು ಚೌಕ ಸಕ್ಕರೆ ಗಡ್ಡೆ. ಸಕ್ಕರೆಯ ಮೇಲೆ ಐಸ್ ನೀರು ಹನಿ ಹನಿಯಾಗಿಯೇ ಬೀಳಬೇಕು. ಸಕ್ಕರೆ ಕರಗಿ ಇಳಿದಂತೆ ಹಸಿರು ಹೋಗಿ ಮಜ್ಜಿಗೆ ನೀರಿನ ಬಣ್ಣ ಬರುತ್ತದೆ. ಅದನ್ನು ನೋಡಿ "ಆಹಾ" ಅನ್ನಬೇಕು. ನಾನೂ ಅಂದಿದ್ದೇನೆ.

ಅಲ್ಲಿಂದ ತಂದದ್ದು ಒಂದೇ ಚಮಚ. ಉಳಿದ ಮೂರನ್ನು ಹುಪರಿಯ ಬೆಳ್ಳಿ ಕೆಲಸದವರಿಂದ ಮಾಡಿಸಿದ್ದ. ಚೌಕ ಸಕ್ಕರೆ ಪುಣೆಯಿಂದ ಬರುತ್ತಿತ್ತು. ಟ್ರಾಲಿಗಟ್ಟಲೆ ಕಬ್ಬು ಕಾರ್ಖಾನೆಗೆ ಕಳಿಸುವ ಮಂದಿ ನಾವು, ನಮಗೆ ಸಕ್ಕರೆ ಪುಣೆಯಿಂದ! ಹನಿ ಬೀಳಿಸುವ ಗಾಜಿನ ಭರಣಿ ಎಲ್ಲೂ ಸಿಗದಿದ್ದಾಗ ತೋಟದ ಡ್ರಿಪ್ ಪೈಪಿನ ತುಂಡು ಕತ್ತರಿಸಿ ಸ್ಟೀಲ್ ಜಗ್ಗಿಗೆ ಜೋಡಿಸಿದ. ಹೊಲದಲ್ಲಿ ಡ್ರಿಪ್ ಕಟ್ಟಿಕೊಂಡರೆ ಆಳುಮಕ್ಕಳ ವಂಶವನ್ನೆಲ್ಲ ಜಾಲಾಡುವವನು ಇಲ್ಲಿ ಗಡಿಯಾರ ಹಿಡಿದು ಹನಿ ಎಣಿಸುತ್ತ ಅರ್ಧ ತಾಸು ಕೂಡುತ್ತಿದ್ದ.

ಕಾಯಿದೆಗಳು ಬೇರೆ. ಹನಿ ಬೀಳುವಾಗ ಮಾತಾಡಬಾರದು. ಸಕ್ಕರೆಗೆ ಬೆಂಕಿ ಹಚ್ಚಬಾರದು. "ಬೆಂಕಿ ಹಚ್ಚವ್ರು ಟೂರಿಸ್ಟ್ ಮಂದಿರಿ, ಖಾನದಾನಿ ಮಂದಿ ಹಚ್ಚೂದಿಲ್ಲ" ಎನ್ನುತ್ತಿದ್ದ, ಯುರೋಪಿಗೆ ತಾನು ಟೂರಿಸ್ಟಾಗಿಯೇ ಹೋಗಿದ್ದೆ ಎಂಬುದನ್ನು ಮರೆತು. ಎಲ್ಲಕ್ಕಿಂತ ದೊಡ್ಡ ಕಾಯಿದೆ: ಈ ಮೇಜಿನಲ್ಲಿ ಕೆಲಸದ ಮಾತು ಎತ್ತಕೂಡದು. ಎತ್ತಿದವನು ಹಳ್ಳಿ ಗಮಾರ. ಮೇಜಿನ ಮೂರನೆಯವನು, ಗೊಬ್ಬರದ ಅಂಗಡಿಯ ಗೆಳೆಯ, ಒಮ್ಮೆ ಖಾರಾಬೂಂದಿ ತರಿಸಿ ಅಂದದ್ದಕ್ಕೇ ಎರಡು ಭಾನುವಾರ ಅವನೊಂದಿಗೆ ಮಾತು ಬಿಟ್ಟಿದ್ದರು. ಇನ್ನು ವಾಲ್ವಿನ ಮಾತೆತ್ತುವ ಧೈರ್ಯ ನನಗೆಲ್ಲಿಂದ ಬರಬೇಕು?

ನಾಲ್ಕನೆಯವನು ಒಣದ್ರಾಕ್ಷಿ ವ್ಯಾಪಾರಿ. ಅವನು ಕಣ್ಣು ಮುಚ್ಚಿ ಗ್ಲಾಸಿಗೆ ಮೂಗು ತೂರಿಸಿ, "ಪಹಾಡಿ ಹೂವಿನ ವಾಸನಿ ಬರಾಕತ್ತೈತ್ರಿ" ಎನ್ನುತ್ತಿದ್ದ. ಜನ್ಮದಲ್ಲಿ ಅವನು ಹತ್ತಿದ ಪಹಾಡವೆಂದರೆ ಜೋತಿಬಾ ಗುಡ್ಡ ಒಂದೇ. ಅದು ಬಡೇಸೋಪಿನ ವಾಸನೆ ಎಂದು ನಾಲ್ವರಿಗೂ ಗೊತ್ತಿತ್ತು. ಊಟದ ನಂತರ ದಿನಾ ಬಾಯಿಗೆ ಹಾಕಿಕೊಳ್ಳುವುದು ಅದನ್ನೇ ಅಲ್ಲವೇ? ಆದರೆ ಯಾರೂ ಹೇಳಲಿಲ್ಲ. ಕುಡಿದರೆ ಕೆಮ್ಮಿನ ಔಷಧಿ ಕುಡಿದಂತಾಗುತ್ತಿತ್ತು, ಅದನ್ನೂ ಹೇಳಲಿಲ್ಲ.

ನನ್ನ ಪಕ್ಕದ ಹೊಲ ಒಬ್ಬ ಮುದುಕನದು. ಊರಿಗೆಲ್ಲ ಅವನು ಕಾಕಾ. ಒಂದು ಎಕರೆ ಭೂಮಿ, ಹತ್ತಾರು ಕುರಿ, ಎರಡು ಎಮ್ಮೆ. ಕೊರಳಲ್ಲಿ ತುಳಸಿ ಮಾಲೆ ಹಾಕಿದ ವಾರಕರಿ, ವರ್ಷಕ್ಕೊಮ್ಮೆ ಪಂಢರಪುರಕ್ಕೆ ನಡೆದುಹೋಗುವವನು, ಹೆಂಡದ ಮುಖ ನೋಡದವನು. ಹಿಂದಿನ ಬೇಸಿಗೆಯಲ್ಲಿ ಬಾವಿ ತಳ ಕಂಡು, ಹಸಿ ಮೇವಿಲ್ಲದೆ ಮೂರನೆಯ ಎಮ್ಮೆಯನ್ನು ಮಾರಿದ್ದ. ಈ ಸಲ ವಾರಕ್ಕೊಂದು ಪಾಳಿ ನೀರು ಸಿಕ್ಕರೆ ಉಳಿದೆರಡು ಉಳಿಯುತ್ತಿದ್ದವು. ನನ್ನ ಬೋರು ಇನ್ನೂ ನಡೆಯುತ್ತಿತ್ತು. ನನಗೆ ವಾಲ್ವ್ ಬೇಕಾದದ್ದು ಇನ್ನೊಂದು ಎಕರೆ ದ್ರಾಕ್ಷಿ ಹಚ್ಚಲು. ಇದನ್ನು ಈಗ ಬರೆಯುವಾಗ ಬಚ್ಚಿಟ್ಟು ಏನು ಉಪಯೋಗ?

ಆ ಕಾಕಾ ಒಂದು ಬೆಳಿಗ್ಗೆ ನನ್ನ ಬದುವಿಗೆ ಬಂದು ಕೂತ. "ತಮ್ಮಾ, ನೀ ಸಾವಕಾರ್ರ ಮಗ್ಗಲ ಕುಂದ್ರತಿ. ಆ ವಾಲ್ವಿಂದು ನನ್ನ ಸಲುವಾಗಿ ಒಂದ ಮಾತ ಹಾಕು" ಅಂದ. "ಹಾಕ್ತೀನಿ ಕಾಕಾ" ಅಂದೆ. ನಾಲಗೆಗೆ ಮೂಳೆಯಿಲ್ಲವಲ್ಲ. ಮೂರು ಭಾನುವಾರ ಕಳೆದವು, ಮೂರೂ ಸಲ ಅವನು ಕೇಳಿದ, ಮೂರೂ ಸಲ "ಇನ್ನೂ ಮಾತಿಗೆ ಟೈಮ್ ಬಂದಿಲ್ಲ" ಎಂದೆ.

ನಾಲ್ಕನೆಯ ಭಾನುವಾರ ಮಧ್ಯಾಹ್ನ ಅವನು ತಾನೇ ಬಂದುಬಿಟ್ಟ. ಸುಡುಬಿಸಿಲಿನಲ್ಲಿ ಸೈಕಲ್ ಹೊಡೆದುಕೊಂಡು, ತಲೆಯ ಪಟಗದ ತುದಿಯಿಂದ ಬೆವರೊರೆಸುತ್ತ, ಕುರಿವಾಸನೆಯ ಸಮೇತ ಎ.ಸಿ. ಹಾಲ್‌ಗೆ ಕಾಲಿಟ್ಟ. ನಾಲ್ಕೂ ಗ್ಲಾಸುಗಳ ಮೇಲೆ ಚಮಚ, ಚಮಚದ ಮೇಲೆ ಸಕ್ಕರೆ. ಹನಿ ಇನ್ನೂ ಶುರುವಾಗಿರಲಿಲ್ಲ. ಸಾವಕಾರನಿಗೆ ತಮಾಷೆ ನೋಡುವ ಚಪಲ ಹುಟ್ಟಿತು. "ಯಾ, ಬಸಾ ಬಸಾ. ಕುಂದ್ರಿ ಕಾಕಾ" ಎಂದು ಕುರ್ಚಿ ತೋರಿಸಿ, ತನ್ನ ಗ್ಲಾಸು, ಚಮಚ, ತಣ್ಣೀರಿನ ಜಗ್ಗು ಎಲ್ಲವನ್ನೂ ಅವನ ಮುಂದೆ ಸರಿಸಿ, "ತಗೋರಿ" ಅಂದ.

ನಮ್ಮ ಕಡೆ ಬಿಸಿಲಿನಿಂದ ಬಂದವರ ಮುಂದೆ ಮೊದಲು ಬೆಲ್ಲ-ನೀರು ಇಡುತ್ತಾರೆ. ಬೆಲ್ಲವಿಲ್ಲದ ಮನೆಯಲ್ಲಿ ಸಕ್ಕರೆ. ಅದನ್ನು ಮುಟ್ಟದೆ ಮಾತಿಗೆ ಶುರು ಮಾಡಿದರೆ ಮನೆಯವರಿಗೆ ಅವಮಾನ. ಕಾಕಾ ತನಗೆ ಗೊತ್ತಿದ್ದ ಮರ್ಯಾದೆಯನ್ನೇ ಮಾಡಿದ. ಸಕ್ಕರೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಮುಟ್ಟಿಸಿ ಬಾಯಿಗೆ ಹಾಕಿಕೊಂಡ. ಜಗ್ಗೆತ್ತಿ ತುಟಿಗೆ ತಾಗಿಸದೆ ಗಟಗಟ ನೀರು ಕುಡಿದ. ಹಸಿರು ಗ್ಲಾಸನ್ನು ಮಾತ್ರ ಮೆಲ್ಲಗೆ ಆಚೆ ಸರಿಸಿ, "ಮಾಲಿ ಹಾಕೇನ್ರಿ, ಇದ ನಡೆಂಗಿಲ್ಲ. ಸಕ್ರಿ-ನೀರ ಕೊಟ್ರಿ, ಪಾಂಡುರಂಗ ನಿಮಗ ಚಲೋ ಮಾಡ್ಲಿ" ಅಂದ. ಆಮೇಲೆ ನೆಟ್ಟಗೆ ಕೂತು, "ಆ ಒಂದ ವಾಲ್ವ್ ನನಗ ಕೊಡ್ರಿ ಸಾವಕಾರ್ರ. ಎರಡ ಎಮ್ಮಿ ಅದಾವ್ರಿ" ಎಂದು ಕೇಳಿದ.

ಒಣದ್ರಾಕ್ಷಿ ವ್ಯಾಪಾರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಗೊಬ್ಬರದವನು ಮೇಜು ಗುದ್ದಿ ನಕ್ಕ. ಸಾವಕಾರ ನಗಲಿಲ್ಲ. ನನ್ನ ಕಡೆ ತಿರುಗಿ, "ನಿಮ್ಮ ಮಗ್ಗಲ ಹೊಲದಾಂವ ಅಲ್ಲೇನ್ರಿ ಇಂವ? ನೀವರ ಒಂದಿಷ್ಟ ರೀತಿ ಕಲಿಸಬಾರದೇನ್ರಿ?" ಎಂದ.

ಆಗ ಹೇಳಬಹುದಾಗಿತ್ತು. ಒಂದೇ ಒಂದು ಮಾತು ಹಾಕುತ್ತೇನೆಂದು ಒಪ್ಪಿಕೊಂಡಿದ್ದೆ, ಹಾಕಲು ಅದಕ್ಕಿಂತ ಒಳ್ಳೆಯ ಹೊತ್ತು ಎಲ್ಲಿತ್ತು? ನಾನೇನು ಮಾಡಿದೆ ಗೊತ್ತೇ? ನನ್ನ ಚಮಚವನ್ನು ಎರಡು ಬೆರಳಲ್ಲಿ ನಾಜೂಕಾಗಿ ಎತ್ತಿ ಹಿಡಿದು, ಶಾಲೆಯ ಮಾಸ್ತರನ ಧಾಟಿಯಲ್ಲಿ, "ಕಾಕಾ, ಇದು ತಿನ್ನೂದಲ್ಲ. ಇದರ ಮ್ಯಾಲ ಹನಿ ಬೀಳಬೇಕು. ಇದಕ್ಕೊಂದು ಪದ್ಧತಿ ಐತಿ. ಮತ್ತ ಇಲ್ಲಿ ಇಂಥಾ ಮಾತ ಆಡಬಾರದು, ಏಳ್ರಿ" ಎಂದೆ. ಹೇಳಿ ನಕ್ಕೆ. ನಕ್ಕ ಆ ಇಬ್ಬರಿಗಿಂತಲೂ ಜೋರಾಗಿ ನಕ್ಕೆ.

ಕಾಕಾ ನನ್ನ ಮುಖ ನೋಡಿದ. "ಹೌದೇನೋ ತಮ್ಮಾ, ನನಗ ಗೊತ್ತಿರ್ಲಿಲ್ಲ" ಎಂದು ಎದ್ದ. ಅವನು ಬಾಗಿಲು ಮುಟ್ಟುವ ಮೊದಲೇ ಸಾವಕಾರ ನನ್ನ ಭುಜ ತಟ್ಟಿ, "ನಿಮಗ ರೀತಿ ಗೊತ್ತೈತ್ರಿ. ಆ ವಾಲ್ವ್ ನಿಮ್ಮ ಹೊಲಕ್ಕ ಕೂಡಸ್ತೀನಿ, ನಾಳಿಗೇ ಫಿಟ್ಟರ್ ಕಳಸ್ತೀನಿ" ಅಂದ. ತಾನು ಮಾಡಿದ ದೊಡ್ಡ ಕಾಯಿದೆಯನ್ನು ತಾನೇ ಮುರಿದದ್ದು ಅವನ ಗಮನಕ್ಕೂ ಬರಲಿಲ್ಲ. ಕಾಕಾನ ಬೆನ್ನು ಬಾಗಿಲಲ್ಲಿ ಒಂದು ಕ್ಷಣ ನಿಂತು ಹೊರಗೆ ಹೋಯಿತು. ನಾನು ಥ್ಯಾಂಕ್ಸ್ ಹೇಳಿ ಗ್ಲಾಸು ಮುಗಿಸಿದೆ.

ಮರುದಿನ ಫಿಟ್ಟರ್ ಬಂದಾಗ ನನ್ನ ಆಳು ಬಂದಿರಲಿಲ್ಲ. ವಾಲ್ವಿಗೆ ಗುಂಡಿ ತೋಡಬೇಕಿತ್ತು. ಯಾರೂ ಕರೆಯದೆ ಕಾಕಾ ತನ್ನ ಸನಿಕೆ ಹೊತ್ತುಕೊಂಡು ಬದು ದಾಟಿ ಬಂದ. ನಾನು ಗುಂಡಿಯ ಜಾಗ ತೋರಿಸಿದೆ. ಮೊಣಕಾಲು ಆಳ ತೋಡಿ, ಸನಿಕೆಗೆ ಒರಗಿ ನಿಂತು, ಸಿಟ್ಟಿಲ್ಲದೆ, ಸಹಜವಾಗಿಯೇ ಕೇಳಿದ:

"ನಿನಗ ಬೇಕಾಗಿತ್ತಂದ್ರ ಮೊದ್ಲ ಹೇಳಬಾರದೇನೋ ತಮ್ಮಾ? ನಾ ಅಷ್ಟ ದೂರ ಸೈಕಲ್ ಹೊಡಕೊಂಡ ಬರತಿರ್ಲಿಲ್ಲ."

ಅಷ್ಟು ಹೇಳಿ ಮತ್ತೆ ತೋಡತೊಡಗಿದ.